ಕಾಲೇಜು ಯಾಕ ಬೇಕು?

ಪ್ರತಿ ವರ್ಷ ಬಿ.ಎ. ಮೊದಲ ಸೆಮಿಸ್ಟರಿನ ಮಕ್ಕಳಿಗೆ ಮೊದಲ ದಿನ ನಾನು ಪಾಠ ಮಾಡುವುದಿಲ್ಲ. ಹಾಳೆ ತೆಗೆಯಿರಿ, 'ನಾನು ಕಾಲೇಜಿಗೆ ಯಾಕೆ ಬಂದೆ' ಅಂತ ಅರ್ಧ ಪುಟ ಬರೆಯಿರಿ ಅನ್ನುತ್ತೇನೆ. ಹೆಸರು ಹಾಕಬೇಕಿಲ್ಲ, ಅಂಕ ಇಲ್ಲ. ಕನ್ನಡ ಎಷ್ಟು ಬರುತ್ತದೆ ನೋಡುವುದು ನೆಪ ಅಷ್ಟೇ. ಉತ್ತರಗಳು ಹೆಚ್ಚು ಕಡಿಮೆ ಒಂದೇ ಅಚ್ಚಿನವು. ದೇಶದ ಉತ್ತಮ ಪ್ರಜೆಯಾಗಲು. ತಂದೆ ತಾಯಿಗೆ ಕೀರ್ತಿ ತರಲು. ಐಎಎಸ್ ಅಧಿಕಾರಿಯಾಗಿ ಬಡವರ ಕಣ್ಣೀರು ಒರೆಸಲು. ಕಣ್ಣೀರು ಒರೆಸುವವರ ಸಂಖ್ಯೆ ನೋಡಿದರೆ ನಮ್ಮ ಜಿಲ್ಲೆಯಲ್ಲಿ ಇಷ್ಟು ಹೊತ್ತಿಗೆ ಯಾರೂ ಅಳಬಾರದಿತ್ತು.

ಈ ವರ್ಷ ಒಂದು ಹಾಳೆಯಲ್ಲಿ ಎರಡೇ ಸಾಲಿತ್ತು. 'ಮನ್ಯಾಗ ಇದ್ರ ಲಗ್ನ ಮಾಡ್ತಾರ. ಇಲ್ಲಿ ಬಂದ್ರ ಮೂರು ವರ್ಷ ಸಿಗ್ತಾವ.'

ಕೊಠಡಿಯಲ್ಲಿ ಅದನ್ನು ಓದಿದ ಸಹೋದ್ಯೋಗಿಯೊಬ್ಬರು ನಕ್ಕರು. 'ಇಂಥವರು ಬಂದು ಬೆಂಚು ತುಂಬಿಸ್ತಾರ ನೋಡ್ರಿ ಮೇಡಂ, ಓದೂ ಇಲ್ಲ ಬರಹಾನೂ ಇಲ್ಲ' ಅಂದರು. ಅವರು ಕೆಟ್ಟವರಲ್ಲ. ಅವರ ಲೆಕ್ಕದಲ್ಲಿ ಕಾಲೇಜಿಗೆ ಬರಲು ಸರಿಯಾದ ಕಾರಣ ಅಂತ ಒಂದಿದೆ, ಅದು ಜ್ಞಾನದ ಹಸಿವು, ಮಿಕ್ಕಿದ್ದೆಲ್ಲ ಕಳ್ಳದಾರಿ. ನಾನು ಏನೂ ಅನ್ನಲಿಲ್ಲ. ಆ ಹಾಳೆಯನ್ನು ಮಡಚಿ ಪರ್ಸಿನಲ್ಲಿ ಇಟ್ಟುಕೊಂಡೆ. ಯಾಕೆಂದರೆ 2010ರಲ್ಲಿ ಯಾರಾದರೂ ನನಗೆ ಇದೇ ಹಾಳೆ ಕೊಟ್ಟಿದ್ದರೆ ನಾನು ಇಷ್ಟು ಧೈರ್ಯವಾಗಿ ಬರೆಯುತ್ತಿರಲಿಲ್ಲ. ನಾನೂ ಕಣ್ಣೀರು ಒರೆಸುತ್ತಿದ್ದೆ.

ನಮ್ಮದು ಕಕ್ಕೇರಾ. ಈಗ ಪುರಸಭೆ, ನಾನು ಸಾಲಿ ಕಲಿಯುವಾಗ ದೊಡ್ಡ ಹಳ್ಳಿ. ನಾರಾಯಣಪುರದ ಕಾಲುವೆ ನೀರು ಬಂದವರಿಗೆ ಭತ್ತ, ಬರದವರಿಗೆ ಹತ್ತಿ, ತೊಗರಿ, ಇಲ್ಲವೇ ಬೆಂಗಳೂರು. ಮೂರನೆಯದೂ ಒಂದು ಬೆಳೆಯೇ. ಸುಗ್ಗಿ ಮುಗಿದ ಮೇಲೆ ಗಂಟುಮೂಟೆ ಕಟ್ಟಿಕೊಂಡು ಬಸ್ಸಿನ ಮೇಲೆ ಪಾತ್ರೆ ಪಗಡಿ ಏರಿಸುವವರನ್ನು ನೋಡುತ್ತಲೇ ನಾವು ದೊಡ್ಡವರಾದೆವು. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 51.83, ರಾಜ್ಯದ್ದು ಶೇ. 75.36. ಇಡೀ ಕರ್ನಾಟಕದಲ್ಲಿ ಕೊನೆಯ ಸ್ಥಾನ. ಆ ಲೆಕ್ಕದಲ್ಲಿ ಅಪ್ಪ ಅವ್ವ ಒಂದು ಕಡೆ, ನಾನು ಅಣ್ಣ ಇನ್ನೊಂದು ಕಡೆ. ನಮ್ಮ ಮನೆಯೇ ಜಿಲ್ಲೆಯ ಸರಾಸರಿ.

ನನಗೆ ಕಾಲೇಜು ಬೇಕು ಅನ್ನಿಸಿದ ದಿನ ಯಾವುದು ಅಂತ ಖಚಿತವಾಗಿ ಗೊತ್ತಿದೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದಲ್ಲಿ ಉತ್ತರ ಕರ್ನಾಟಕಕ್ಕೆಲ್ಲ ಬಡಿದ ಮಳೆ ನಮ್ಮ ಮನೆಯ ಹಿಂದಿನ ಗೋಡೆಯನ್ನೂ ಮಲಗಿಸಿತು. ಪರಿಹಾರಕ್ಕೆ ಅರ್ಜಿ ಕೊಡಲು ಅಪ್ಪ ಒಂದು ಕಚೇರಿಗೆ ಹೋದಾಗ ನಾನೂ ಜೊತೆಗಿದ್ದೆ, ಹತ್ತನೆಯ ತರಗತಿ. ಕೌಂಟರಿನ ಆಚೆ ಕೂತವರು ತಲೆ ಎತ್ತದೆ, 'ಓದಾಕ ಬರೋರ್ನ ಯಾರನ್ನರ ಕರ್ಕೊಂಡು ಬಾ ಹೋಗು' ಅಂದರು. ಅಪ್ಪ ನನ್ನನ್ನು ಮುಂದೆ ತಳ್ಳಿದ. ನಾನು ಓದಿದೆ. ಅಕ್ಷರ ಎಲ್ಲ ಬಂತು, ಅರ್ಥ ಬರಲಿಲ್ಲ. 'ಸದರಿ', 'ಮೇಲ್ಕಾಣಿಸಿದ', 'ದೃಢೀಕೃತ ನಕಲು' ಇವೆಲ್ಲ ನಮ್ಮ ಕನ್ನಡವೇ ಅಲ್ಲ. ಕೂತವರು ನಕ್ಕರು. ಅಪ್ಪನೂ ಅವರ ಜೊತೆ ನಕ್ಕ. ಆ ನಗುವೇ ನನಗೆ ತಡೆಯಲಾಗಲಿಲ್ಲ. ಬೈದಿದ್ದರೆ ಬೇಸರ ಇರುತ್ತಿರಲಿಲ್ಲ.

ಇದು ಹೇಳಿಕೊಳ್ಳಬಹುದಾದ ಕಾರಣ. ಭಾಷಣದಲ್ಲಿ ಹೇಳಿದರೆ ಚಪ್ಪಾಳೆ ಬೀಳುತ್ತದೆ, ನಾನೂ ಹೇಳಿದ್ದೇನೆ. ಆದರೆ ಅದರ ಪಕ್ಕದಲ್ಲೇ ಇನ್ನೆರಡು ಇದ್ದವು, ಅವಕ್ಕೆ ಚಪ್ಪಾಳೆ ಇಲ್ಲ. ಒಂದು, ಹತ್ತಿ ಬಿಡಿಸುವುದು ನನಗೆ ಆಗುತ್ತಿರಲಿಲ್ಲ. ಒಣಗಿದ ಕಾಯಿಯ ತುದಿ ಉಗುರಿನ ಸಂದಿಯಲ್ಲಿ ಚುಚ್ಚಿ ರಾತ್ರಿ ರೊಟ್ಟಿ ಮುರಿಯುವಾಗ ಉರಿಯುತ್ತಿತ್ತು. ಅವ್ವ ನಲವತ್ತು ವರ್ಷ ಅದನ್ನು ಮಾಡಿದವಳು; ನನಗೆ ಬೇಡ ಅಂದರೆ ಅವಳ ಬದುಕೇ ಬೇಡ ಅಂದ ಹಾಗೆ. ಅದಕ್ಕೇ ಹೇಳಲಿಲ್ಲ. ಇನ್ನೊಂದು, ಬಸ್ಸು. ಪಿಯುಸಿಗೆ ಸುರಪುರಕ್ಕೆ ಹೋಗುವ ಹುಡುಗಿಯರು ಬೆಳಗ್ಗೆ ಕಿಟಕಿ ಪಕ್ಕ ಕೂತು ಹೋಗುವುದನ್ನು ನೋಡುತ್ತಿದ್ದೆ. ಎರಡು ಕೋಣೆಯಲ್ಲಿ ಒಂಬತ್ತು ಮಂದಿ ಇರುವ ಮನೆಯಲ್ಲಿ ಸುಮ್ಮನೆ ಕೂತ ಹುಡುಗಿಯನ್ನು ಯಾರಾದರೂ ಒಂದು ಕೆಲಸಕ್ಕೆ ಕರೆದೇ ಕರೆಯುತ್ತಾರೆ. ಬಸ್ಸಿನಲ್ಲಿ ಯಾರೂ ಕರೆಯುವುದಿಲ್ಲ. ಕೂತಿರಬಹುದು. ಜ್ಞಾನದ ಹಸಿವು ಆಮೇಲಿನ ಮಾತು, ನನಗೆ ಮೊದಲು ಬೇಕಾಗಿದ್ದು ಆ ಸೀಟು.

ಗ್ರೀಕರ ಒಂದು ಪದ ಇಲ್ಲಿ ನೆನಪಿಗೆ ಬರುತ್ತದೆ. ಇಂಗ್ಲಿಷಿನ 'ಸ್ಕೂಲ್' ಹುಟ್ಟಿದ್ದು 'ಸ್ಖೋಲೆ' ಅನ್ನುವ ಮೂಲದಿಂದ. ಅದರ ಅರ್ಥ ಬಿಡುವು. ಕೆಲಸ ಇಲ್ಲದ ಹೊತ್ತು. ಕಲಿಕೆಗೆ ಮೊದಲು ಬಿಡುವು ಬೇಕು ಅನ್ನುವುದು ಅರಿಸ್ಟಾಟಲ್‌ಗೆ ಎಷ್ಟು ಸಹಜವಾಗಿತ್ತೆಂದರೆ, ಆ ಬಿಡುವನ್ನು ಒದಗಿಸುತ್ತಿದ್ದ ಗುಲಾಮರ ಬಗ್ಗೆ ಅವನಿಗೆ ಹೆಚ್ಚು ಚಿಂತೆ ಇರಲಿಲ್ಲ. 1852ರಲ್ಲಿ ಜಾನ್ ಹೆನ್ರಿ ನ್ಯೂಮನ್ ಡಬ್ಲಿನ್ನಿನಲ್ಲಿ ವಿಶ್ವವಿದ್ಯಾಲಯದ ಬಗ್ಗೆ ಉಪನ್ಯಾಸ ಕೊಟ್ಟ. ಜ್ಞಾನಕ್ಕೆ ಜ್ಞಾನವೇ ಗುರಿ, ಬೇರೆ ಉಪಯೋಗ ಹುಡುಕಬೇಕಿಲ್ಲ ಅನ್ನುವುದು ಅವನ ವಾದದ ತಿರುಳು. ಎಂ.ಎ.ಯಲ್ಲಿದ್ದಾಗ ಅದನ್ನು ಓದಿ ನನಗೆ ನಾಚಿಕೆಯಾಗಿತ್ತು, ನನ್ನ ಕಾರಣಗಳು ಎಷ್ಟು ಸಣ್ಣವು ಅಂತ. ಈಗ ಹಾಗನ್ನಿಸುವುದಿಲ್ಲ. ನ್ಯೂಮನ್ ಹೇಳಿದ್ದು ಸುಳ್ಳಲ್ಲ. ಆದರೆ ಅದು ಒಳಗೆ ಬಂದು ಕೂತವರಿಗೆ ಹೇಳಿದ ಮಾತು, ಬಾಗಿಲಲ್ಲಿ ನಿಂತವರಿಗೆ ಅಲ್ಲ. ಬಾಗಿಲಲ್ಲಿ ನಿಂತವರು ಕೈಗೆ ಸಿಕ್ಕಿದ್ದನ್ನು ಹಿಡಿದು ಒಳಗೆ ಬರುತ್ತಾರೆ. ಲಗ್ನ ತಪ್ಪಿಸಿಕೊಳ್ಳುವುದೂ ಒಂದು ಹಿಡಿಕೆ.

ಅಷ್ಟಕ್ಕೂ 'ಯಾಕೆ' ಅನ್ನುವ ಪ್ರಶ್ನೆಯನ್ನು ಯಾರಿಗೆ ಕೇಳುತ್ತಾರೆ ಅಂತ ಗಮನಿಸಿದ್ದೀರಾ? ಐದನೆಯ ತರಗತಿಯ ಕೂಸನ್ನು ಸಾಲಿಗೆ ಯಾಕ ಹೋಗ್ತಿ ಅಂತ ಯಾರೂ ಕೇಳುವುದಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಹದಿನಾಲ್ಕು ವರ್ಷದ ತನಕ ಆ ಪ್ರಶ್ನೆಯನ್ನು ಕಾನೂನಿನಿಂದಲೇ ತೆಗೆದುಹಾಕಿದೆ. ಹದಿನೈದಕ್ಕೆ ಪ್ರಶ್ನೆ ವಾಪಸ್ ಬರುತ್ತದೆ, ಅದೂ ಎಲ್ಲರಿಗೂ ಅಲ್ಲ. ಬೆಂಗಳೂರಿನ ಡಾಕ್ಟರರ ಮಗನಿಗೆ ಕೇಳುವುದು 'ಯಾವ ಕಾಲೇಜು?' ಅಂತ. ಕಕ್ಕೇರಾದ ಕೂಲಿಕಾರನ ಮಗಳಿಗೆ ಕೇಳುವುದು 'ಯಾಕ ಕಾಲೇಜು?' ಅಂತ. ಆ ಹುಡುಗನೂ ಗೆಳೆಯರು ಹೋದರು ಅಂತಲೋ, ಮನೆಯಲ್ಲಿ ಕಿರಿಕಿರಿ ಅಂತಲೋ, ಬೇರೆ ಏನು ಮಾಡುವುದು ತಿಳಿಯದೆಯೋ ಹೋಗಿರಬಹುದು. ಅವನ ಕಾರಣ ಸಣ್ಣದಿದ್ದರೂ ನಡೆಯುತ್ತದೆ, ಯಾರೂ ತಪಾಸಣೆ ಮಾಡುವುದಿಲ್ಲ. ನಾವು ಮಾತ್ರ ದೇಶಸೇವೆಯ ಸರ್ಟಿಫಿಕೇಟು ತೋರಿಸಿ ಒಳಗೆ ಹೋಗಬೇಕು. ಹೀಗಾಗಿಯೇ ನನ್ನ ಮಕ್ಕಳು ಸುಳ್ಳು ಬರೆಯುತ್ತಾರೆ. ಅದು ಸುಳ್ಳೂ ಅಲ್ಲ, ಟೋಲ್ ಗೇಟಿನಲ್ಲಿ ಕಟ್ಟುವ ದುಡ್ಡು.

ನಮ್ಮ ಕಡೆ ಇದಕ್ಕೆ ಒಂದು ಸಿದ್ಧ ಉತ್ತರ ಇದೆ. ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಇದೆಯಲ್ಲ, ಅದನ್ನು ಕಟ್ಟಿಸಿದ ಮೆಡೋಸ್ ಟೇಲರ್ ಕಾಲೇಜಿನ ಮುಖ ನೋಡಿದವನಲ್ಲ ಅನ್ನುತ್ತಾರೆ. ನಿಜವೇ. 1808ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿದ ಆತ ಹದಿನೈದರ ಹರೆಯದಲ್ಲೇ ಮುಂಬಯಿಯ ಒಬ್ಬ ವ್ಯಾಪಾರಿಯ ಹತ್ತಿರ ಗುಮಾಸ್ತನಾಗಲು ಹಡಗು ಹತ್ತಿದ. ಆಮೇಲೆ ನಿಜಾಮನ ಸೈನ್ಯದಲ್ಲಿ ಕೆಲಸ ಸಿಕ್ಕಿತು. ಭಾಷೆ, ಕಾನೂನು, ಮೋಜಣಿ, ಚಿತ್ರಕಲೆ ಎಲ್ಲ ತಾನಾಗಿ ಕಲಿತ. 1839ರಲ್ಲಿ ಠಕ್ಕರ ಮೇಲಿನ ಕಾದಂಬರಿ ಬರೆದು ಇಂಗ್ಲೆಂಡಿನಲ್ಲಿ ಹೆಸರಾದ. 1840ರ ದಶಕದಲ್ಲಿ ಸುರಪುರದ ಬಾಲರಾಜ ವೆಂಕಟಪ್ಪ ನಾಯಕನ ಕಾಲಕ್ಕೆ ಸಂಸ್ಥಾನದ ಉಸ್ತುವಾರಿ ನೋಡಿಕೊಂಡ. ನಮ್ಮೂರ ಹಿರಿಯರೊಬ್ಬರು ಅಪ್ಪನಿಗೆ ಇದೇ ಕತೆ ಹೇಳಿ, 'ಬುದ್ಧಿ ಇದ್ದೋರಿಗೆ ಕಾಲೇಜ್ ಬೇಕಿಲ್ಲೋ ತಮ್ಮಾ' ಅಂದಿದ್ದರು. ಅಪ್ಪನ ಬಳಿ ಉತ್ತರ ಇರಲಿಲ್ಲ. ಈಗ ನನ್ನ ಹತ್ತಿರ ಇದೆ. ಟೇಲರನಿಗೆ ಕಾಲೇಜು ಬೇಕಿರಲಿಲ್ಲ, ಯಾಕೆಂದರೆ ಅವನ ಬೆನ್ನಿಗೆ ಕಂಪನಿ ಸರಕಾರ ಇತ್ತು. ಅವನು ಯಾವ ಕಚೇರಿಗೆ ಹೋದರೂ ಎದುರಿನವರು ಎದ್ದು ನಿಲ್ಲುತ್ತಿದ್ದರು. ತಾನಾಗಿ ಕಲಿಯುವುದು ದೊಡ್ಡದು, ಒಪ್ಪುತ್ತೇನೆ. ಆದರೆ ಕಲಿತಿದ್ದಾನೆ ಅಂತ ಎದುರಿನವನು ನಂಬಲು ಟೇಲರನಿಗೆ ಮುಖದ ಬಣ್ಣ ಸಾಕಾಗಿತ್ತು, ನಮಗೆ ಕಾಗದ ಬೇಕು.

ಕಾಗದವೂ ಸಾಲದೆ ಹೋಗಬಹುದು, ಅದೂ ಗೊತ್ತಿರಬೇಕು. ಬರೋಡಾದ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಲ್ಲಿ 1913ರಲ್ಲಿ ಕೊಲಂಬಿಯಾಕ್ಕೆ ಹೋದ ಅಂಬೇಡ್ಕರ್ ಅಲ್ಲಿ ಎಂ.ಎ. ಮುಗಿಸಿ, ಲಂಡನ್ನಿಗೂ ಹೋಗಿ, 1917ರಲ್ಲಿ ಕರಾರಿನಂತೆ ಬರೋಡಾಕ್ಕೆ ಕೆಲಸಕ್ಕೆ ಬಂದರು. ಇರಲು ಕೋಣೆ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹದಲ್ಲಿ ಪಾರ್ಸಿ ಹೆಸರಿನಲ್ಲಿ ಉಳಿದಿದ್ದರು. ಗೊತ್ತಾದ ಮೇಲೆ ಬಡಿಗೆ ಹಿಡಿದು ಬಂದವರು ಅಲ್ಲಿಂದಲೂ ಎಬ್ಬಿಸಿದರು. ಇದನ್ನು ಕ್ಲಾಸಿನಲ್ಲಿ ಹೇಳಿದಾಗ ಒಬ್ಬ ಹುಡುಗ ಎದ್ದು ಕೇಳಿದ, 'ಹಂಗಾದ್ರ ಕಲ್ತಿದ್ದು ಏನ್ ಉಪಯೋಗ ಆತ್ರಿ ಮೇಡಂ?' ಒಳ್ಳೆಯ ಪ್ರಶ್ನೆ. ಅದೇ ಅಂಬೇಡ್ಕರ್ 1945ರಲ್ಲಿ ಪೀಪಲ್ಸ್ ಎಜುಕೇಷನ್ ಸೊಸೈಟಿ ಕಟ್ಟಿದರು, 1950ರಲ್ಲಿ ಔರಂಗಾಬಾದಿನಲ್ಲಿ ಕಾಲೇಜು ತೆರೆದರು ಅಂತ ಹೇಳಿದೆ. ಔರಂಗಾಬಾದು ಅಂದರೆ ನಮ್ಮ ಹಾಗೆಯೇ 1948ರ ತನಕ ನಿಜಾಮನ ಕೆಳಗಿದ್ದ ಸೀಮೆ. ಪದವಿ ಒಂದು ಕೋಣೆಯನ್ನೂ ಕೊಡಿಸಲಿಲ್ಲ ಅಂತ ಗೊತ್ತಿದ್ದ ಮನುಷ್ಯ ಬೇರೆಯವರಿಗೆ ಕಾಲೇಜು ಕಟ್ಟುತ್ತಾನೆ ಅಂದರೆ ಅವನು ಅದರಲ್ಲಿ ಕಂಡದ್ದು ಸಂಬಳಕ್ಕಿಂತ ಬೇರೆ ಏನೋ ಇರಬೇಕು. ಹುಡುಗ ಕೂತ. ಒಪ್ಪಿದನೋ ಇಲ್ಲವೋ ಹೇಳಲಾರೆ.

ನನ್ನ ಪಾಲಿಗೆ ಆ ಬೇರೆ ಏನೋ ಬಿ.ಎ. ಎರಡನೆಯ ವರ್ಷ ಸಿಕ್ಕಿತು. ಗ್ರಂಥಾಲಯದಲ್ಲಿ ಗೀತಾ ನಾಗಭೂಷಣರ 'ಬದುಕು' ಕೈಗೆ ಬಂತು. ಕಲಬುರಗಿಯ ಮಿಲ್ ಕಾರ್ಮಿಕನ ಮಗಳಾಗಿ ಹುಟ್ಟಿದ ಅವರು ಆ ಕಾದಂಬರಿಗೆ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು ಅನ್ನುವುದೆಲ್ಲ ಆಮೇಲೆ ತಿಳಿಯಿತು. ಆ ದಿನ ಕಂಡದ್ದು ಇಷ್ಟೇ: ನಮ್ಮ ಮನೆಯಲ್ಲಿ ಆಡುವ ಮಾತು ಅಚ್ಚಾಗಿದೆ. ಕಚೇರಿಯ 'ಸದರಿ'ಯೂ ಅಲ್ಲ, ಪಠ್ಯದ ಕನ್ನಡವೂ ಅಲ್ಲ. ಅವ್ವ ಬೈಯುವ ಕನ್ನಡ. ಬೆಳಕು ಹೋಗುವ ತನಕ ಓದಿ ಬಸ್ಸು ತಪ್ಪಿಸಿಕೊಂಡು ಟಂಟಂ ಹಿಡಿದು ಬಂದೆ, ಮನೆಯಲ್ಲಿ ಬೈಗುಳ ತಿಂದೆ, ಅದೇ ಕನ್ನಡದಲ್ಲಿ. ಬಸ್ಸಿನ ಸೀಟಿಗೋಸ್ಕರ ಕಾಲೇಜು ಸೇರಿದವಳು ಪುಸ್ತಕಕ್ಕೋಸ್ಕರ ಬಸ್ಸು ಬಿಟ್ಟೆ. ಸೇರಲು ಇದ್ದ ಕಾರಣ ಬೇರೆ, ಉಳಿಯಲು ಸಿಕ್ಕ ಕಾರಣ ಬೇರೆ. ಎರಡನೆಯದು ಸಿಗಬೇಕಾದರೆ ಮೊದಲನೆಯದರ ಮೇಲೆ ಯಾರೋ ನಕ್ಕು ಬಾಗಿಲು ಹಾಕಿರಬಾರದು.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಚಂದದ ಕತೆ. ಆದರೆ ಅಣ್ಣನ ವಿಷಯ ಹೇಳದಿದ್ದರೆ ನಾನೂ ಆ ಅರ್ಧ ಪುಟದ ಸುಳ್ಳನ್ನೇ ಬರೆದ ಹಾಗಾಗುತ್ತದೆ.

ಅಣ್ಣ ನನಗಿಂತ ಮೂರು ವರ್ಷ ದೊಡ್ಡವನು. 2007ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ, ನನಗಿಂತ ಹೆಚ್ಚು ಅಂಕ ತೆಗೆದು. ಗಣಿತದಲ್ಲಂತೂ ನಾನು ಅವನ ಹತ್ತಿರಕ್ಕೂ ಬರಲಿಲ್ಲ. ಆ ಬೇಸಿಗೆಯೇ ಮೇಸ್ತ್ರಿಯೊಬ್ಬರ ಜೊತೆ ಬೆಂಗಳೂರಿಗೆ ಸೆಂಟ್ರಿಂಗ್ ಕೆಲಸಕ್ಕೆ ಹೋದ. ಅವನನ್ನು ಯಾರೂ 'ಯಾಕ ಕಾಲೇಜು' ಅಂತ ಕೂಡ ಕೇಳಲಿಲ್ಲ. ಕೇಳುವ ಹಂತಕ್ಕೇ ಮಾತು ಬರಲಿಲ್ಲ. ಮೂರು ವರ್ಷದ ಮೇಲೆ ನನ್ನ ಸರದಿ ಬಂದಾಗ ಮನೆಯಲ್ಲಿ ಗಂಡು ನೋಡುವ ಮಾತು ಎದ್ದಿತ್ತು. ಅಣ್ಣ ಫೋನಿನಲ್ಲಿ, 'ಆಕಿ ಕಲೀಲಿ ಬಿಡ್ರಿ, ಬಸ್ ಪಾಸಿಂದು ಬುಕ್ಕಿಂದು ನಾ ಕಳಿಸ್ತೀನಿ' ಅಂದ. ಅಷ್ಟೇ. ಐದು ವರ್ಷ ಕಳಿಸಿದ.

ಹೆಣ್ಣುಮಕ್ಕಳ ಓದಿನ ಬಗ್ಗೆ ನಾವು ಹೇಳುವ ಕತೆಯಲ್ಲಿ ಗಂಡುಮಗ ಕಾಲೇಜಿಗೆ, ಹೆಣ್ಣುಮಗಳು ಒಲೆಗೆ. ಎಷ್ಟೋ ಮನೆಗಳಲ್ಲಿ ಅದು ಈಗಲೂ ನಿಜ. ನನ್ನ ಜೊತೆ ಎಸ್ಸೆಸ್ಸೆಲ್ಸಿ ಬರೆದ ಹುಡುಗಿಯರಲ್ಲಿ ಹೆಚ್ಚಿನವರು ನಾನು ಬಿ.ಎ. ಮುಗಿಸುವ ಹೊತ್ತಿಗೆ ಕೂಸು ಎತ್ತಿಕೊಂಡಿದ್ದರು. ಆದರೆ ಗುಳೆ ಹೋಗುವ ಸೀಮೆಯಲ್ಲಿ ಇನ್ನೊಂದು ಲೆಕ್ಕವೂ ನಡೆಯುತ್ತದೆ. ಹದಿನಾರು ವರ್ಷದ ಹುಡುಗನ ತೋಳಿಗೆ ಬೆಂಗಳೂರಿನಲ್ಲಿ ಬೆಲೆ ಇದೆ. ಹತ್ತಿ ಹೊಲದಲ್ಲಿ ನನ್ನ ಕೂಲಿ ಅವನದರ ಅರ್ಧವೂ ಇರಲಿಲ್ಲ. ಕಾಲೇಜಿಗೆ ಕಳಿಸಿದರೆ ಮನೆಗೆ ಕಡಿಮೆ ನಷ್ಟ ಆಗುವುದು ನನ್ನಿಂದ. ನಾನು ಓದಿದ್ದು ನನ್ನ ಬುದ್ಧಿಗೆ ಯಾರೋ ಬೆಲೆ ಕೊಟ್ಟರು ಅಂತಲ್ಲ, ನನ್ನ ದುಡಿಮೆಗೆ ಬೆಲೆ ಇರಲಿಲ್ಲ ಅಂತ. ಇದನ್ನು ಒಪ್ಪಿಕೊಳ್ಳಲು ನನಗೆ ಬಹಳ ವರ್ಷ ಬೇಕಾಯಿತು. ನನ್ನ ತರಗತಿಯಲ್ಲಿ ಹುಡುಗಿಯರ ಸಾಲು ತುಂಬಿ ಹುಡುಗರ ಬೆಂಚು ಖಾಲಿ ಇದ್ದಾಗ ಪ್ರಗತಿ ಅಂತ ಸಂತೋಷಪಡುವವರ ಜೊತೆ ಪೂರ್ತಿ ಸಂತೋಷಪಡಲು ನನ್ನಿಂದ ಆಗುವುದಿಲ್ಲ. ಖಾಲಿ ಬೆಂಚಿನವರು ಎಲ್ಲಿದ್ದಾರೆ ಅಂತ ಗೊತ್ತು.

ಹಾಗಾದರೆ ಒಬ್ಬರಿಗೆ ಮಾತ್ರ ಆಗುವಷ್ಟು ದುಡ್ಡಿರುವ ಮನೆಯಲ್ಲಿ ನನಗೆ ಕಾಲೇಜು ಬೇಕು ಅನ್ನುವುದು ಸರಿಯೇ? ಇದಕ್ಕೆ ನಮ್ಮ ಸಾಲಿಯ ಗೋಡೆ ಮೇಲೆ ಉತ್ತರ ಬರೆದಿತ್ತು: ಹೆಣ್ಣೊಂದು ಕಲಿತರೆ ಮನೆಯೇ ಕಲಿತಂತೆ. ಆ ಮಾತು ನನಗೆ ಹಿಡಿಸುವುದಿಲ್ಲ. ಮನೆಗೆ ಉಪಯೋಗ ಆಗುತ್ತಾಳೆ ಅಂತ ಅವಳನ್ನು ಓದಿಸುವುದಾದರೆ, ಉಪಯೋಗ ಆಗದ ಹುಡುಗಿಯನ್ನು ಏನು ಮಾಡುವುದು? ಮತ್ತೆ, ಮನೆ ಕಲಿಯಲಿಲ್ಲ. ನಾನು ಕಲಿತೆ. ಅಣ್ಣ ಸೆಂಟ್ರಿಂಗ್ ಹಲಗೆ ಹೊತ್ತ. ಸಾಲ ತೀರಿಸುತ್ತೇನೆ ಅಂದುಕೊಳ್ಳುವುದು ಇನ್ನೊಂದು ಸಮಾಧಾನ. 2015ರಲ್ಲಿ 371(ಜೆ) ಪ್ರಮಾಣಪತ್ರ ಹಿಡಿದು ಗುಲಬರ್ಗಾ ವಿಶ್ವವಿದ್ಯಾಲಯಕ್ಕೆ ಎಂ.ಎ.ಗೆ ಸೇರಿದಾಗ ಹಾಗೆಯೇ ಅಂದುಕೊಂಡಿದ್ದೆ. ಈಗ ಅತಿಥಿ ಉಪನ್ಯಾಸಕಿ. ಅತಿಥಿ ಅಂದರೆ ಊಟ ಹಾಕಿ ಕಳಿಸುವವರು ಅಂತ ಅವ್ವ ತಿಳಿದಿದ್ದಾಳೆ, ಹತ್ತಿರ ಹತ್ತಿರ ಸರಿ. ರಜೆಯ ತಿಂಗಳುಗಳಲ್ಲಿ ಅಣ್ಣನ ಪಗಾರ ನನ್ನದಕ್ಕಿಂತ ಹೆಚ್ಚು. ದುಡ್ಡಿನಲ್ಲಿ ತೀರುವ ಸಾಲ ಇದಲ್ಲ, ತೀರಿಸುವ ದುಡ್ಡೂ ಇಲ್ಲ.

ಕೊನೆಗೆ ನನಗೆ ಉಳಿದಿರುವ ಮಾತು ಇಷ್ಟು. ನಾನು ಬಯಸಿದ್ದು ತಪ್ಪಲ್ಲ. ಹಸಿದವಳು ಊಟ ಬಯಸುವುದಕ್ಕೆ ಪಕ್ಕದ ಎಲೆ ಖಾಲಿ ಇರುವುದು ಅಡ್ಡಿಯಾಗಬಾರದು. ಎಲೆ ಖಾಲಿ ಇಟ್ಟವರು ಬೇರೆ ಯಾರೋ. ಆದರೆ ಖಾಲಿ ಎಲೆಯನ್ನು ನೋಡದೆ ಉಂಡರೆ, ಎಲ್ಲ ನನ್ನ ಯೋಗ್ಯತೆಯಿಂದಲೇ ಬಂತು ಅಂತ ಹೇಳಿಕೊಂಡು ತಿರುಗಿದರೆ, ಅಲ್ಲಿ ತಪ್ಪು ಶುರುವಾಗುತ್ತದೆ. 'ಕಷ್ಟಪಟ್ಟರೆ ಎಲ್ಲ ಸಾಧ್ಯ, ನನ್ನನ್ನೇ ನೋಡಿ' ಅಂತ ಸ್ವಾಗತ ಸಮಾರಂಭದಲ್ಲಿ ಮಾತಾಡಲು ನನ್ನನ್ನು ಕರೆಯುತ್ತಾರೆ. ಅಣ್ಣ ನನಗಿಂತ ಹೆಚ್ಚು ಕಷ್ಟಪಟ್ಟಿದ್ದಾನೆ. ಅವನನ್ನು ಯಾರೂ ವೇದಿಕೆಗೆ ಕರೆದಿಲ್ಲ.

ಒಮ್ಮೆ ಅವನಿಗೆ ಇದನ್ನೆಲ್ಲ ಹೇಳಲು ಹೋದೆ. ತಿಂಥಣಿ ಮೌನೇಶ್ವರನ ಜಾತ್ರೆಗೆ ಬಂದಿದ್ದ, ಹೊಳೆ ದಂಡೆಯಲ್ಲಿ ಕೂತಿದ್ದೆವು. ನನ್ನ ಮಾತು ಮುಗಿಯುವ ಮೊದಲೇ, 'ಯಾರರ ಒಬ್ಬರು ಹೋಗಬೇಕಿತ್ತು, ನೀ ಹೋದಿ. ಅದಕ್ಕ ಇಷ್ಟ್ಯಾಕ ಮಾತು ತಂಗಿ' ಅಂದ. ಕ್ಷಮಿಸಿದನೋ, ಮಾತು ಬೇಡ ಅಂದನೋ ತಿಳಿಯಲಿಲ್ಲ. ಚುರುಮುರಿ ತಿಂದು ಎದ್ದೆವು.

ಹೋದ ತಿಂಗಳು ಫೋನ್ ಮಾಡಿದ. ಅವ್ವನ ಮೊಣಕಾಲು, ಹೊಲಕ್ಕೆ ನೀರು ಬಿಟ್ಟರೋ ಇಲ್ಲವೋ, ಎಲ್ಲ ಆಯಿತು. ಇಡುವ ಹೊತ್ತಿಗೆ, 'ಏ ತಂಗಿ, ಒಂದ್ ಮಾತು' ಅಂದ. 'ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಟ್ರಂಕಿನಾಗ ಅದ ಏನು ನೋಡು. ಈಗ ಹೊರಗಿಂದ ಪಿಯುಸಿ ಕಟ್ಟಬಹುದಂತಲ್ಲ, ಖರೆ ಏನು?'

ಅವನಿಗೆ ಮೂವತ್ತನಾಲ್ಕು. ಇಬ್ಬರು ಮಕ್ಕಳು. ನನ್ನ ಬಾಯಿಗೆ ಬಂದೇ ಬಿಟ್ಟಿತ್ತು, 'ಈಗ ಯಾಕ ಬೇಕಣ್ಣ?' ಅಂತ. ನಾಲಿಗೆ ತುದಿಯಲ್ಲಿ ಹಿಡಿದೆ.

'ಹೌದಣ್ಣ, ಕಟ್ಟಬಹುದು' ಅಂದೆ. 'ಯಾವುದು ತಗೋತಿ? ಆರ್ಟ್ಸೋ, ಕಾಮರ್ಸೋ?'

ಆ ಕಡೆ ಮಿಕ್ಸರ್ ತಿರುಗುವ ಸಪ್ಪಳ. ಸ್ವಲ್ಪ ಹೊತ್ತು ಸುಮ್ಮನಿದ್ದ.

'ಲೆಕ್ಕ ಯಾವುದರಾಗ ಇರ್ತದ, ಅದು' ಅಂದ.